ಮಾನಿಟರಿಗೊಂದು ಸಿಂಬಿ

ತಪ್ಪಿನ ಫಲ ಅನುಭವಿಸಿದವಳು ಕೊಣ್ಣೂರಿನ ಕಸ್ತೂರಿ. ಗ್ರಾಫಿಕ್ಸ್ ಕಾರ್ಡು ತಯಾರಿಸಿದ ಕಂಪನಿಯಲ್ಲ, ಅದನ್ನು ಮಾರಿದ ಘಟಪ್ರಭಾದ ಅಂಗಡಿಯವನಲ್ಲ, ಹೊಸ ಲಿನಕ್ಸಿನ ಸಿ.ಡಿ.ಯನ್ನು ಚೀಲದಲ್ಲಿಟ್ಟುಕೊಂಡು ಮೂಡಲಗಿಯ ಬಸ್ಸು ಹತ್ತಿದ ನಾನೂ ಅಲ್ಲ. ಕುರ್ಚಿ ಹೋದದ್ದು ಅವಳದು, ಬೈಗುಳ ಬಿದ್ದದ್ದು ಅವಳಿಗೆ, ಕೊನೆಗೆ ಉಪಾಯ ಹುಡುಕುವ ಹೊಣೆಯೂ ಅವಳ ತಲೆಗೇ ಬಂತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಿಮಗೆ ನಗು ಬರುವ ಸಂಭವವಿದೆ. ನಗುವಿನ ಗದ್ದಲದಲ್ಲಿ ಅನ್ಯಾಯವು ಮೆಲ್ಲಗೆ ಹಿಂಬಾಗಿಲಿನಿಂದ ಹೊರಟುಹೋಗುವುದನ್ನು ನಾನು ಬಹಳ ಸಲ ನೋಡಿದ್ದೇನೆ.

ಇದೆಲ್ಲ ನೆನಪಾಗಲು ಕಾರಣ ಒಂದು ಸಿಂಬಿ. ಮೊನ್ನೆ ಚಳಿಗೆಂದು ಕೌದಿ ಹುಡುಕುತ್ತ ಅಟ್ಟದ ಮೇಲಿನ ಟ್ರಂಕು ತೆರೆದಾಗ ಮಡಿಕೆಯೊಳಗಿಂದ ಅದು ಉರುಳಿ ಬಂದು ನನ್ನ ಪಾದದ ಹತ್ತಿರ ನಿಂತಿತು. ತಲೆಯ ಮೇಲೆ ಕೊಡ ಹೊರುವಾಗ ಕೊಡ ಅಲುಗಾಡದಂತೆ ಕೆಳಗೆ ಇಟ್ಟುಕೊಳ್ಳುವ ಬಟ್ಟೆಯ ಬಳೆ, ಅಷ್ಟೆ. ಹಳೆಯ ಇಳಕಲ್ಲ ಸೀರೆಯನ್ನು ಹುರಿ ಮಾಡಿ ಸುತ್ತಿದ್ದು. ಕೆಂಪು ಸೆರಗಿನ ತುಂಡೊಂದು ಇನ್ನೂ ಹೊರಗೆ ಇಣುಕುತ್ತಿತ್ತು. ಆದರೆ ಈ ಸಿಂಬಿ ಒಂದು ದಿನವೂ ಕೊಡ ಹೊತ್ತದ್ದಲ್ಲ. ಇದು ಹೊತ್ತದ್ದು ಕಂಪ್ಯೂಟರಿನ ಮಾನಿಟರನ್ನು, ಅದೂ ಬೋರಲಾಗಿ.

ಸಿಂಬಿಗೂ ನನಗೂ ಬಾಲ್ಯದಿಂದಲೇ ಆಗಿಬರುತ್ತಿರಲಿಲ್ಲ. ಹುಕ್ಕೇರಿಯ ನಮ್ಮ ಓಣಿಯಲ್ಲಿ ನನ್ನ ವಾರಿಗೆಯ ಹುಡುಗಿಯರು ಎರಡು ಕೊಡ ಹೊತ್ತು, ಕೈ ಬಿಟ್ಟು, ಬಾಯಿ ತುಂಬ ಮಾತಾಡುತ್ತ ಬರುತ್ತಿದ್ದರೆ, ನಾನು ಅರ್ಧ ಕೊಡ ಹೊತ್ತು ಪೂರ್ತಿ ತೊಯ್ದು ಬರುತ್ತಿದ್ದೆ. ಅದಕ್ಕೆ ನನ್ನ ಕತ್ತಿನ ದೋಷ ಕಾರಣವೆಂದು ಮನೆಯವರು, ನೀರು ಹೊರುವುದು ಹೆಣ್ಣುಮಕ್ಕಳ ಪಾಲಿಗೇ ಬಂದಿರುವ ವ್ಯವಸ್ಥೆಯ ದೋಷ ಕಾರಣವೆಂದು ನಾನು. ಈ ಬಗೆಯ ಮಾತು ನನ್ನ ಬಾಯಿಗೆ ಬಂದದ್ದು ನಾನು ಓದಿದ ಶಾಲೆಯಿಂದ. ಅಲ್ಲಿ ಛಡಿ ಇರಲಿಲ್ಲ, ಬಾಯಿಪಾಠ ಇರಲಿಲ್ಲ. ಶನಿವಾರ ಬೆಳಗಿನ ಶಾಲೆಯಲ್ಲಿ ಪ್ರತಿಯೊಂದು ಮಗುವೂ ಎದ್ದು ನಿಂತು ಆ ವಾರ ತಾನು ಕಂಡ ಒಂದು ತಪ್ಪನ್ನು ಹೇಳಬೇಕಾಗಿತ್ತು. ಯಾರು ಮಾಡಿದರು, ಯಾರು ಅನುಭವಿಸಿದರು, ಯಾರು ಸರಿಪಡಿಸಬೇಕು ಎಂಬ ಮೂರೂ ಅಂಗಗಳು ಇರಲೇಬೇಕು. ನಾನು ಒಮ್ಮೆ, ರೊಟ್ಟಿಯ ಮೇಲೆ ತುಪ್ಪವನ್ನು ಅಣ್ಣನಿಗೆ ಮೊದಲು ಬಡಿಸುವ ನಮ್ಮ ಅಜ್ಜಿಯ ತಪ್ಪನ್ನು ಹೇಳಿದೆ. ಸುದ್ದಿ ನನಗಿಂತ ಮೊದಲೇ ಮನೆ ಮುಟ್ಟಿತು. ಅಜ್ಜಿ ಅಪ್ಪನನ್ನು ಕರೆದು, "ಈಕಿನ್ನ ಸಾಲಿ ಬಿಡಸು, ಇಲ್ಲಾಂದ್ರ ನನ್ನ ಕೈಯಾಗಿನ ತುಪ್ಪದ ಚಮಚಾ ಬಿಡಸು. ಎರಡೂ ಒಂದ ಮನ್ಯಾಗ ನಡಿಯಾಂಗಿಲ್ಲ" ಎಂದಳು. ಅಪ್ಪ ಎರಡನ್ನೂ ಬಿಡಿಸಲಿಲ್ಲ. ತಪ್ಪು ಹೇಳುವ ಚಟ ನನಗೆ ಹಾಗೆ ಉಳಿದುಕೊಂಡಿತು. ಅಣ್ಣನಿಗೆ ತುಪ್ಪ ಉಳಿದುಕೊಂಡಿತು.

ಈ ಚಟವೇ ಮುಂದೆ ನನ್ನನ್ನು ಮುಕ್ತ ತಂತ್ರಾಂಶದ ಪ್ರಚಾರಕ್ಕೆ ತಂದಿತು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಗೋಕಾಕದ ಬಾಡಿಗೆ ಕೋಣೆಯಲ್ಲಿ ಕುಳಿತು, ಮಾಡುವ ಬಗೆಯನ್ನು ಮುಚ್ಚಿಟ್ಟು ಮಾಡಿದ್ದನ್ನಷ್ಟೇ ಮಾರುವುದು ಜ್ಞಾನಕ್ಕೆ ಎಸಗುವ ಅಪಚಾರವೆಂದು ಕರಪತ್ರ ಬರೆಯುತ್ತಿದ್ದೆ. ಆ ಕರಪತ್ರಗಳನ್ನು ಅಚ್ಚು ಹಾಕಿಕೊಡುತ್ತಿದ್ದವರು ಮೂಡಲಗಿಯಲ್ಲಿ ಪ್ರೆಸ್ ನಡೆಸುತ್ತಿದ್ದ ಜಿನ್ನಪ್ಪಣ್ಣ. ಸಜ್ಜನರು, ಗಿರಾಕಿಯೊಡನೆ ಕನ್ನಡ, ಮನೆಯವರೊಡನೆ ಮರಾಠಿ, ಸಿಟ್ಟು ಬಂದರೆ ಎರಡೂ. ನನ್ನ ಕರಪತ್ರವನ್ನು ಅವರು ಓದುತ್ತಿದ್ದರೋ ಇಲ್ಲವೋ, 'ಪುಕ್ಕಟೆ' ಎಂಬ ಶಬ್ದವನ್ನು ಮಾತ್ರ ಓದಿದ್ದರು. ತಮ್ಮ ಪ್ರೆಸ್ಸಿನ ಕಂಪ್ಯೂಟರನ್ನು ನಡೆಸಲು ಲಿನಕ್ಸ್ ಎಂಬ ಮುಕ್ತ ತಂತ್ರಾಂಶವನ್ನು ಹಾಕಿಸಿಕೊಳ್ಳಲು ಒಪ್ಪಿದರು. ಸ್ವಾತಂತ್ರ್ಯಕ್ಕಾಗಿ ಒಪ್ಪಬೇಕಿತ್ತು, ಪುಕ್ಕಟೆಗಾಗಿ ಒಪ್ಪಿದರು; ಇದನ್ನೂ ತಪ್ಪುಗಳ ಸಾಲಿನಲ್ಲಿ ನಮೂದಿಸುತ್ತೇನೆ.

ಆ ಕಂಪ್ಯೂಟರಿನ ಮುಂದೆ ಕೂರುತ್ತಿದ್ದವಳು ಕಸ್ತೂರಿ. ದಿನವೂ ಕೊಣ್ಣೂರಿನಿಂದ ಬಸ್ಸಿಗೆ ಬರುತ್ತಿದ್ದಳು. ಮೊದಲು ಹಿಂದಿನ ಕೋಣೆಯಲ್ಲಿ ಲಗ್ನಪತ್ರಿಕೆ ಮಡಚಿ ಲಕೋಟೆಗೆ ಅಂಟು ಹಚ್ಚುತ್ತಿದ್ದವಳು, ತಾನೇ ಕಲಿತು ಮುಂದಿನ ಕೋಣೆಗೆ ಬಂದಿದ್ದಳು. ಅಂಟಿನ ಬಟ್ಟಲಿನಿಂದ ಕೀಲಿಮಣೆಯವರೆಗಿನ ಆ ಹತ್ತು ಹೆಜ್ಜೆಯ ದಾರಿಯನ್ನು ಮನೆಯವರ, ಮಾಲಕರ, ಓಣಿಯವರ ಮಾತು ದಾಟಿಕೊಂಡೇ ಬಂದಿದ್ದಳು. ಕೈಯಿರುವ ತಿರುಗುವ ಕುರ್ಚಿಯೊಂದು ಆ ಪ್ರೆಸ್ಸಿನಲ್ಲಿತ್ತು. ಅದರಲ್ಲಿ ಅವಳು ಕುಳಿತ ದಿನವೇ ಅವಳ ತಂದೆ, ಮದುವೆಯ ಮಾತನ್ನು ಒಂದು ವರ್ಷ ಮುಂದೆ ಹಾಕಿದ್ದರಂತೆ. "ಖುರ್ಚಿ ಇರೂತನಕ ನನ್ನ ಮಾತ ನಡೀತೈತ್ರಿ ಅಕ್ಕಾರ" ಎಂದು ಅವಳು ನನಗೆ ಹೇಳಿದ್ದಳು. ನಮ್ಮ ಕಡೆ ಕಲಿಸುವ ಹೆಂಗಸನ್ನು ಅಕ್ಕಾರ ಎನ್ನುತ್ತಾರೆ. ನಾನು ಅವಳಿಗೆ ಕಲಿಸಿದ್ದು ಅಷ್ಟಕ್ಕಷ್ಟೆ.

ಆ ಕುರ್ಚಿ ಅವಳಿಗಿಂತ ಮೊದಲು ಶಿವಲಿಂಗ ಕಾಕಾರದಾಗಿತ್ತು. ಕಾಕಾ ಹಳೆಯ ಕಾಲದ ಕಂಪೋಜಿಟರ್. ಸೀಸದ ಮೊಳೆಗಳನ್ನು ಒಂದೊಂದಾಗಿ ಜೋಡಿಸಿ ಅರ್ಧ ತಾಲೂಕಿನ ಲಗ್ನ ಮಾಡಿಸಿದವರು. ಕಂಪ್ಯೂಟರು ಬಂದ ಮೇಲೆ ಮೊಳೆಗಳು ತೂಕಕ್ಕೆ ಹೋದವು. ಕಾಕಾ ಬಾಗಿಲ ಬಳಿಯ ಸ್ಟೂಲಿಗೆ ಹೋದರು. ಅಲ್ಲಿಂದ ಕಸ್ತೂರಿಯ ಪರದೆಯನ್ನು ದಿನವಿಡೀ ದಿಟ್ಟಿಸುತ್ತ, "ಅಕ್ಷರಾ ಅಂದ್ರ ಕೈಗೆ ಹತ್ತಬೇಕವಾ, ಕಣ್ಣಿಗಲ್ಲ" ಎನ್ನುತ್ತಿದ್ದರು. ಮುದುಕರನ್ನು ಹಾಗೆ ಸ್ಟೂಲಿಗೆ ತಳ್ಳಿದ್ದು ತಪ್ಪೇ. ಆದರೆ ಆ ತಪ್ಪಿನ ದಂಡವನ್ನು ಕಸ್ತೂರಿ ತೆರಬೇಕಾಗಿರಲಿಲ್ಲ.

ಈಗ ಅಪ್‌ಗ್ರೇಡಿನ ಮಾತು. ಹಳೆಯ ಲಿನಕ್ಸಿನಲ್ಲಿ ಕನ್ನಡದ ಒತ್ತಕ್ಷರಗಳು ಅಕ್ಷರದ ಕೆಳಗೆ ಕೂರದೆ ಪಕ್ಕದಲ್ಲಿ, ಜಗಳವಾಡಿದ ಓರಗಿತ್ತಿಯರಂತೆ ಮುಖ ತಿರುವಿಕೊಂಡು ನಿಲ್ಲುತ್ತಿದ್ದವು. ಹೊಸ ಆವೃತ್ತಿಯಲ್ಲಿ ಅದು ಸರಿಯಾಗಿದೆಯೆಂದು ತಿಳಿದು, ಸಿ.ಡಿ. ತರಿಸಿಕೊಂಡು ಮೂಡಲಗಿಗೆ ಧಾವಿಸಿದೆ. ಕಾರ್ತಿಕ ಮುಗಿಯುತ್ತ ಬಂದಿತ್ತು, ಲಗ್ನಗಳ ಸುಗ್ಗಿ. ಸಿ.ಡಿ. ಹಾಕಿದೆ. ನೀಲಿ ಪಟ್ಟಿ ನಿಧಾನವಾಗಿ ತುಂಬಿತು. ಕರೆಂಟು ಹೋಗಲಿಲ್ಲ, ಅದೇ ಮೊದಲ ಅಪಶಕುನವೆಂದು ನನಗೆ ಹೊಳೆಯಬೇಕಿತ್ತು. ಯಂತ್ರ ಮತ್ತೆ ಚಾಲೂ ಆಯಿತು. ಕಸ್ತೂರಿ ಅರ್ಧ ಜೋಡಿಸಿಟ್ಟಿದ್ದ ಲಗ್ನಪತ್ರಿಕೆಯನ್ನು ತೆರೆದೆ. ಒತ್ತಕ್ಷರಗಳು ತಮ್ಮ ತಮ್ಮ ಅಕ್ಷರಗಳೊಡನೆ ರಾಜಿಯಾಗಿ ಅಚ್ಚುಕಟ್ಟಾಗಿ ಕೂತಿದ್ದವು. ಪರದೆ ಮಾತ್ರ ತಲೆಕೆಳಗಾಗಿತ್ತು.

ಪೂರ್ತಿ ತಲೆಕೆಳಗು. ಮೇಲಿರಬೇಕಾದ ಪಟ್ಟಿ ಕೆಳಗೆ, ಎಡಕ್ಕಿರಬೇಕಾದದ್ದು ಬಲಕ್ಕೆ. ಮೌಸನ್ನು ಬಲಕ್ಕೆ ಸರಿಸಿದರೆ ಬಾಣ ಎಡಕ್ಕೆ ಓಡುತ್ತಿತ್ತು.

ಜಿನ್ನಪ್ಪಣ್ಣ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಅಕ್ಕಾರ, ಇದ ಹಿಂಗ ಇರತೈತೇನ್ರಿ ಹೊಸಾದು?"

"ಇಲ್ಲ ಅಣ್ಣಾವ್ರೆ. ಪರದಿ ಮ್ಯಾಲೆ ಚಿತ್ರಾ ಮೂಡಸೋ ಗ್ರಾಫಿಕ್ಸ್ ಕಾರ್ಡಿನ ಕಂಪನಿ ತನ್ನ ಚಿಪ್ಪಿನ ವಿವರ ಯಾರಿಗೂ ಕೊಡೂದಿಲ್ಲ. ಹಿಂಗಾಗಿ ಅದನ್ನ ನಡಸೋ ತಂತ್ರಾಂಶ ಬರಿಯೋರು ಕತ್ತಲ್ಯಾಗ ತಡಕಾಡಬೇಕಾಗತೈತಿ. ಇದು ಜಗತ್ತಿನ ಅನ್ಯಾಯ."

"ಜಗತ್ತಿಂದು ಇರ್ಲಿ ಬಿಡ್ರಿ. ಅಂಕಲಗಿ ಗೌಡರ ಪತ್ರಿಕಿ ನಾಳೆ ಕೊಡಬೇಕಲ್ರಿ ನಾನು!"

ಆಗ ಬಾಗಿಲ ಬಳಿಯ ಸ್ಟೂಲು ಕಿರುಗುಟ್ಟಿತು. ಶಿವಲಿಂಗ ಕಾಕಾ ಎದ್ದು ಬಂದರು, ಕೈ ಹಿಂದೆ ಕಟ್ಟಿಕೊಂಡು ಪರದೆಯನ್ನು ನೋಡಿದರು, ನೋಡುತ್ತ ನೋಡುತ್ತ ಅವರ ಮುಖ ಅರಳಿತು. ಒಂದಕ್ಷರ ತಡವರಿಸದೆ ಇಡೀ ಪತ್ರಿಕೆಯನ್ನು ಓದಿ ಮುಗಿಸಿದರು. ಕಂಪೋಜಿಟರುಗಳು ಮೊಳೆಗಳನ್ನು ತಲೆಕೆಳಗಾಗಿ ಜೋಡಿಸುತ್ತಾರೆ, ತಲೆಕೆಳಗಾಗಿಯೇ ಓದುತ್ತಾರೆ ಎಂಬುದು ನನಗೆ ಮರೆತೇ ಹೋಗಿತ್ತು.

"ಈಗ ಬಂತ ನೋಡ್ರಿ ಇದಕ್ಕ ಶಾಣ್ಯಾತನ!" ಎಂದರು ಕಾಕಾ. "ಇಷ್ಟ ವರ್ಸ ಉಲ್ಟಾ ತೋರಸ್ತಿತ್ತ ಮಗಂದು. ಏಳವಾ ಕಸ್ತೂರಿ, ಏಳ."

ಮೊಳೆಯಲ್ಲಿ ಅಕ್ಷರ ಕನ್ನಡಿಯೊಳಗಿನಂತಿರುತ್ತದೆ, ಇಲ್ಲಿ ಬರೀ ತಿರುಗಿದೆ, ಇವೆರಡೂ ಒಂದೇ ಅಲ್ಲ ಎಂದು ನಾನು ವಿವರಿಸಲು ಹೋದೆ. "ಅಕ್ಕಾರ, ಮಾಲಕರು ಟೇಬಲ್ಲಿನ ಆಕಡೆ ಕುಂತು ಪ್ರೂಫ ಓದತಿದ್ರು, ನಾ ಈಕಡೆ ನಿಂತ ಅದ ಪ್ರೂಫ ಉಲ್ಟಾ ಓದಿ ತಪ್ಪು ಹೇಳತಿದ್ನಿರಿ. ನನಗ ಯಾವ ದಿಕ್ಕೂ ಒಂದ" ಎಂದು ಕಾಕಾ ಕುರ್ಚಿಯಲ್ಲಿ ಕೂತು ಒಂದು ಸುತ್ತು ತಿರುಗಿದರು. ಮೌಸಿನ ಸಮಸ್ಯೆಯನ್ನೂ ಅವರೇ ಬಗೆಹರಿಸಿದರು: ಅದನ್ನು ತಿರುಗಿಸಿ ಬಾಲ ತಮ್ಮ ಹೊಟ್ಟೆಯ ಕಡೆ ಬರುವಂತೆ ಹಿಡಿದರು. ಬಾಣ ಹೇಳಿದಂತೆ ಕೇಳಿತು. ಒಂದೊಂದು ಬೆರಳಿನಿಂದ ಕೀಲಿ ಹುಡುಕಿ ಒತ್ತಿ ಪತ್ರಿಕೆಯನ್ನು ಮುಗಿಸಿದರು. ಮುದ್ರಕದಿಂದ ಕಾಗದ ಬಂದದ್ದು ನೆಟ್ಟಗೇ.

"ಕಾಗದಾ ನೆಟ್ಟಗ ಬರತೈತಲ್ರಿ" ಎಂದರು ಜಿನ್ನಪ್ಪಣ್ಣ, ನನ್ನ ಸಮಸ್ತ ತತ್ವವನ್ನೂ ಒಂದೇ ವಾಕ್ಯದಲ್ಲಿ ಮಡಚಿ. "ಮತ್ತೇನ್ ಬೇಕ? ಕಾಕಾ ಕುಂದ್ರಲಿ. ಕಸ್ತೂರಿ, ನೀ ಹಿಂದ ಹೋಗಿ ಲಕೋಟಿ ನೋಡವಾ."

ಕಸ್ತೂರಿ ಹಿಂದಿನ ಕೋಣೆಗೆ ಹೋಗಿ ಅಂಟಿನ ಬಟ್ಟಲ ಮುಂದೆ ಕೂತಳು. ನಾನು ಅಲ್ಲೇ ನಿಂತು ಬಹಳ ಹೇಳಿದೆ. ಹೇಳಿದ್ದರಿಂದ ಪರದೆ ತಿರುಗಲಿಲ್ಲ.

ಅಂದಿನಿಂದ ನನ್ನ ದುರಸ್ತಿಯ ಪರ್ವ ಆರಂಭವಾಯಿತು. ಕಂಪ್ಯೂಟರಿನ ಡಬ್ಬವನ್ನು ಕೌದಿಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಘಟಪ್ರಭಾಕ್ಕೆ ಹೊರಟೆ. ಕಂಡಕ್ಟರು ಕೌದಿಯ ತುದಿ ಸರಿಸಿ ಇಣುಕಿದ. "ಕೂಸು ಅಂತ ತಿಳದಿದ್ನಿರಿ. ಆರಾಮಿಲ್ಲೇನ್ರಿ ಇದಕ್ಕ?"

"ಹೌದು. ಎಲ್ಲಾ ತಲಿಕೆಳಗ ಕಾಣಸಾಕತ್ತೈತಿ ಇದಕ್ಕ."

"ನಮ್ಮ ಡಿಪೋದಾಗ ಎಲ್ಲಾರಿಗೂ ಹಂಗ ಕಾಣತೈತ್ರಿ. ಲಗೇಜ ಟಿಕೀಟ ತಗೋರಿ."

ಅಂಗಡಿಯವನು ಡಬ್ಬ ಬಿಚ್ಚಿ, ಧೂಳು ಊದಿ, ಕಾರ್ಡು ಕಿತ್ತು ಮತ್ತೆ ಕೂರಿಸಿದ. ಬೇರೆ ಸಿಸ್ಟಮ್ ಹಾಕಿಸಿಕೊಳ್ಳಿರೆಂದು ಬುದ್ಧಿ ಹೇಳಿದ. ಕಾರ್ಡಿನ ಮೇಲಿದ್ದ ಕಂಪನಿಯ ಹೆಸರು ಶಾಖಕ್ಕೆ ಉದುರಿ, ಬರೀ ಅಂಟಿನ ಕಲೆ ಉಳಿದಿತ್ತು. ಯಾರನ್ನು ಹೆಸರು ಹಿಡಿದು ಖಂಡಿಸಬೇಕೋ ತಿಳಿಯದೆ ನಾನು ಅಂದು ಅನುಭವಿಸಿದ ಸಂಕಟವನ್ನು, ಆ ಶನಿವಾರದ ಶಾಲೆಯಲ್ಲಿ ಓದಿದವರು ಮಾತ್ರ ಅರಿಯಬಲ್ಲರು. ಗೋಕಾಕದ ಸೈಬರ್ ಕೆಫೆಯಲ್ಲಿ ಕೂತು, ನನ್ನಂತೆಯೇ ನೊಂದವರು ಸೇರುವ ಅಂತರಜಾಲದ ಕಟ್ಟೆಯಲ್ಲಿ ಪ್ರಶ್ನೆ ಹಾಕಿದೆ. ಎಲ್ಲಿಯೋ ಇರುವ ಪುಣ್ಯಾತ್ಮರು ಹೇಳಿದ ಆಜ್ಞೆಗಳ ಸಾಲುಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ ಮೂಡಲಗಿಯ ಕೀಲಿಮಣೆಯಲ್ಲಿ ಬಡಿದೆ. ಒಂದು ಸಲ ಪರದೆ ಹಸಿರಾಯಿತು. ಒಂದು ಸಲ ಬರೀ ಕಪ್ಪಾಗಿ, ಮೂಲೆಯಲ್ಲಿ ಸಣ್ಣ ಗೆರೆಯೊಂದು ಮಿಟುಕುತ್ತ ನಿಂತಿತು. ಪ್ರತಿ ಸಲವೂ ಕಾಕಾ, "ಇದ್ದದ್ದ ಚೊಲೋ ಇತ್ತಲ್ರಿ ಅಕ್ಕಾರ" ಎನ್ನುತ್ತಿದ್ದರು. ನಾನು ಪ್ರಯಾಸಪಟ್ಟು ಮತ್ತೆ ತಲೆಕೆಳಗು ಮಾಡಿಕೊಡುತ್ತಿದ್ದೆ. ತಲೆಕೆಳಗಾದದ್ದನ್ನೇ ಸುಸ್ಥಿತಿಯೆಂದು ಕರೆಯುವ ಹಂತಕ್ಕೆ ಒಂದು ಸಮಾಜ ಎಷ್ಟು ಬೇಗ ಬಂದುಬಿಡುತ್ತದೆ ಎಂಬುದನ್ನು ನಾನು ಪುಸ್ತಕಗಳಲ್ಲಿ ಓದಿದ್ದೆ. ಕಣ್ಣಾರೆ ಕಂಡದ್ದು ಮೂಡಲಗಿಯಲ್ಲಿ.

ಹೀಗಿರುವಾಗ ಅಂಕಲಗಿ ಗೌಡರ ಮಗಳ ಲಗ್ನ ಬಂತು. ಮುಹೂರ್ತ ಬೆಳಿಗ್ಗೆ ಒಂಬತ್ತಕ್ಕೆ. ಪತ್ರಿಕೆ ಮುಗಿಸಿದ ಆ ಮೊದಲ ದಿನ ಕಾಕಾ ಬೆರಳಿನಿಂದ ಒತ್ತಿದ್ದು 9 ಅಂಕಿಯನ್ನೇ. ಒತ್ತಿದ ಮೇಲೆ ಪರದೆ ನೋಡಿದರೆ ತಿರುಗಿ ನಿಂತ ಒಂಬತ್ತು ಆರಾಗಿ ಕಂಡಿತು. ಶಿಸ್ತಿನ ಮನುಷ್ಯ, ಕೂಡಲೇ ತಿದ್ದಿದರು. ಈಗ ಪರದೆಯ ಮೇಲೆ ಒಂಬತ್ತು ಕಾಣುತ್ತಿತ್ತು. ಕಾಗದದ ಮೇಲೆ ಆರು ಬಂತು. ಪತ್ರಿಕೆ ಊರೂರಿಗೆ ಹೋಯಿತು.

ಹುಕ್ಕೇರಿಯ ಬೀಗರು ಅಚ್ಚಾದ ಮಾತಿಗೆ ತಪ್ಪದ ಜನ. ಟೆಂಪೋ ಕಟ್ಟಿಕೊಂಡು, ಬಾಜಾ ಬಾರಿಸುತ್ತ, ಆರಕ್ಕೆ ಸರಿಯಾಗಿ ಅಂಕಲಗಿಯ ಅಗಸೆಬಾಗಿಲಲ್ಲಿ ಇಳಿದರು. ಗೌಡರು ಬನಿಯನ್ನಿನಲ್ಲಿ ಬೇವಿನ ಕಡ್ಡಿ ಕಚ್ಚಿಕೊಂಡು ಎಮ್ಮೆಗೆ ಹುಲ್ಲು ಹಾಕುತ್ತಿದ್ದರಂತೆ. ಹಂದರದಡಿಯಲ್ಲಿ ಅಡುಗೆಯವರು ಇನ್ನೂ ಮಲಗಿದ್ದರು. ಬೀಗರಲ್ಲಿ ಹಿರಿಯನೊಬ್ಬ, "ಏನ್ರಿ ಗೌಡ್ರ, ಮುಹೂರ್ತ ಬಂದ ನಿಂತೈತಿ, ನಿಮ್ಮ ಬಾಯಾಗಿನ ಕಡ್ಡೀನ ಇನ್ನೂ ಹೊರಗ ಬಂದಿಲ್ಲ!" ಎಂದು ಕೂಗಿದನಂತೆ. ಅವಸರದಲ್ಲಿ ಎಮ್ಮೆಯ ಹಗ್ಗ ಬಾಜಾದವನ ಕಾಲಿಗೆ ಸಿಕ್ಕಿತು. ಉಪ್ಪಿಟ್ಟಿನ ರವೆಗೆ ಸಕ್ಕರೆಯೂ ಶಿರಾದ ರವೆಗೆ ಉಪ್ಪೂ ಬಿತ್ತು. ಲಗ್ನವೇನೋ ಒಂಬತ್ತಕ್ಕೇ ಸುಸೂತ್ರವಾಗಿ ಆಯಿತು. ಆದರೆ ಮರುದಿನ ಗೌಡರು ಪತ್ರಿಕೆ ಹಿಡಿದುಕೊಂಡು ಪ್ರೆಸ್ಸಿಗೆ ಬಂದರು.

ನಾನು ಅಂದು ಅಲ್ಲಿಯೇ ಇದ್ದೆ, ಚೀಟಿಯೊಡನೆ. ಜಿನ್ನಪ್ಪಣ್ಣ ಪತ್ರಿಕೆ ನೋಡಿದರು, ಕಾಕಾರ ಬಿಳಿ ಮೀಸೆ ನೋಡಿದರು, ಹಿಂದಿನ ಕೋಣೆಯ ಕಡೆ ತಿರುಗಿದರು. "ಕಸ್ತೂರೀ! ಏನವಾ ಇದ? ಕಂಪ್ಯೂಟರ ಕಲತಾಕಿ ನೀನ ಅಲ್ಲೇನ? ಒಂದ ಅಂಕಿ ನೋಡಾಕ ಆಗಲಿಲ್ಲ? ಲಕೋಟಿಗೆ ಹಾಕೂಮುಂದರ ಕಣ್ಣ ಬಿಡಬೇಕಿಲ್ಲ? ಹಿಂಗಾದ್ರ ನಾಳಿಂದ ಬರೂದ ಬ್ಯಾಡ."

ಕಸ್ತೂರಿ ಬಾಗಿಲಲ್ಲಿ ನಿಂತಿದ್ದಳು. ಬೆರಳ ತುದಿಗಳಲ್ಲಿ ಅಂಟು ಒಣಗಿ ಬಿಳಿಯಾಗಿತ್ತು. ಕುರ್ಚಿಯನ್ನು ಕಸಿದುಕೊಂಡವರು ಕುರ್ಚಿಯ ತಪ್ಪನ್ನು ಮಾತ್ರ ಅವಳಿಗೇ ಬಿಟ್ಟಿದ್ದರು. ನಾನು ಆ ಅನ್ಯಾಯದ ಮೂರೂ ಅಂಗಗಳನ್ನು ಕ್ರಮವಾಗಿ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಕಾಕಾ ಆ ಪತ್ರಿಕೆಯನ್ನು ಪರದೆಗೆ ತಂದು ಮಾನಿಟರಿನ ಹತ್ತಿರ ಬಗ್ಗಿದರು. ಗಾಜಿನ ಮೇಲೆ, ಆ ಅಂಕಿಯ ಮೇಲೆ, ಹೆಬ್ಬೆರಳಿನಿಂದ ಮೆಲ್ಲಗೆ ಸವರಿದರು.

"ಗೀರ ಎಲ್ಲೈತ್ರಿ ಇದಕ್ಕ?" ಎಂದರು. "ಮೊಳಿಗೆ ಹೊಟ್ಟಿಮ್ಯಾಲೆ ಒಂದ ಗೀರ ಇರತಿತ್ತು. ಕಣ್ಣ ಮುಚ್ಚಿದ್ರೂ ಆರ ಯಾವದು, ಒಂಬತ್ತ ಯಾವದು, ಬೆರಳಿಗೆ ತಿಳೀತಿತ್ತು. ಇದರಾಗ ಬರೇ ಗಾಜ." ಆಮೇಲೆ ಗೌಡರ ಕಡೆ ತಿರುಗಿ, "ಹುಡುಗಿ ಈ ಖುರ್ಚಿಮ್ಯಾಲ ಇರಲಿಲ್ರಿ ಗೌಡ್ರ. ನಾ ಇದ್ನಿ" ಎಂದರು.

ಕಸ್ತೂರಿ ಹೊರಗೆ ಹೋದಳು. ಅಳಲು ಹೋದಳೆಂದು ನಾನು ತಿಳಿದೆ; ಇದು ಹೆಣ್ಣುಮಕ್ಕಳ ಬಗ್ಗೆ ನನ್ನಂಥವಳಿಗೂ ಇರುವ ತಪ್ಪು ಕಲ್ಪನೆ. ಅವಳು ಹೋದದ್ದು ಪಕ್ಕದ ಮನೆಗೆ. ಹಿಂತಿರುಗಿದಾಗ ಕೈಯಲ್ಲೊಂದು ಸಿಂಬಿ ಇತ್ತು.

"ಅಕ್ಕಾರ, ನೀವು ಇದರ ತಲಿ ತಿರಗಸಾಕ ಭಾಳ ತ್ರಾಸ ತಗೊಂಡ್ರಿ. ಇನ್ನ ಪೆಟಗೀನ ತಿರಗಸಿಬಿಡೂಣು. ಕಾಕಾ, ಆಕಡೆ ಹಿಡೀರಿ."

ಕಾಕಾ ಹಿಡಿದರು. ಇಬ್ಬರೂ ಸೇರಿ ಆ ಭಾರದ ಮಾನಿಟರನ್ನು ಎತ್ತಿ ಬೋರಲು ಮಾಡಿ ಸಿಂಬಿಯ ಮೇಲಿಟ್ಟರು. ಮಾನಿಟರಿನ ನೆತ್ತಿ ದುಂಡಗೆ, ಇಳಿಜಾರಾಗಿತ್ತು. ಬರೀ ಮೇಜಿನ ಮೇಲೆ ಹೊರಳುತ್ತಿತ್ತು. ಸಿಂಬಿಯ ಮೇಲೆ ತುಂಬಿದ ಕೊಡದಂತೆ ಕದಲದೆ ಕೂತಿತು. ಅಕ್ಷರಗಳೆಲ್ಲ ನೆಟ್ಟಗಾದವು. ಕಸ್ತೂರಿ ಮೌಸಿನ ಬಾಲವನ್ನು ಅತ್ತ ತಿರುಗಿಸಿ ಕುರ್ಚಿಯ ಕೈ ಹಿಡಿದು ಕೂತಳು. ಆರು ಆರಾಗಿ, ಒಂಬತ್ತು ಒಂಬತ್ತಾಗಿ ನಿಂತಿತು. ಗೌಡರಿಗೆ ತಮ್ಮ ಸಿಟ್ಟೇ ಮರೆತುಹೋಗಿ, ಕತ್ತು ಓರೆ ಮಾಡಿ, ಮಾನಿಟರಿನ ಗುಂಡಿಗಳು ಮೇಲೆ ಬಂದಿರುವುದನ್ನು ನೋಡಿ, "ಖರೇನ ಡಾಕ್ಟರಕಿ ಮಾಡಿದಿ ನೋಡವಾ" ಎಂದರು. ಜಿನ್ನಪ್ಪಣ್ಣ ಏನನ್ನೋ ಮರಾಠಿಯಲ್ಲಿ ಗೊಣಗಿ ಲೈಟಿನ ಬಿಲ್ಲು ಹುಡುಕತೊಡಗಿದರು. ನಾಳೆಯಿಂದ ಬರಬೇಡವೆಂಬ ಮಾತು ಮತ್ತೆ ಬರಲಿಲ್ಲ. ಕ್ಷಮೆ ಕೇಳುವ ಮಾತೂ ಬರಲಿಲ್ಲ. ಅದಕ್ಕಾಗಿ ನಾನು ಇನ್ನೂ ಕಾಯುತ್ತಿದ್ದೇನೆ.

ಕಥೆ ಇಲ್ಲಿಗೆ ಮುಗಿದಿದ್ದರೆ ನನ್ನ ಮಾನ ಉಳಿಯುತ್ತಿತ್ತು. ಕೆಲವು ವಾರಗಳ ಮೇಲೆ ಅಂತರಜಾಲದ ಕಟ್ಟೆಯಿಂದ ಸರಿಯಾದ ಉತ್ತರ ಬಂತು: ಅಪ್‌ಗ್ರೇಡಿನಲ್ಲಿ, ಕಾರ್ಡನ್ನು ನಡೆಸುವ ಹಳೆಯ ಡ್ರೈವರ್ ತಂತ್ರಾಂಶ ಹೋಗಿ ಹೊಸದು ಬರುವಾಗ ಅದು ನಮ್ಮ ಕಾರ್ಡನ್ನು ಗುರುತಿಸದೆ, ಚಿತ್ರವನ್ನು ತಿರುಗಿಸುವ ಒಂದು ಸಾಲನ್ನು ತಾನಾಗಿಯೇ ಸೇರಿಸಿಕೊಂಡಿತ್ತು. ಆ ಸಾಲನ್ನು ಅಳಿಸಿದರೆ ಸಾಕು. ವಿಜಯೋತ್ಸಾಹದಿಂದ ಹೋಗಿ ಅಳಿಸಿದೆ. ಯಂತ್ರ ಚಾಲೂ ಆಯಿತು. ಚಿತ್ರ ಸರಿಯಾಯಿತು. ಮಾನಿಟರು ಸಿಂಬಿಯ ಮೇಲೆ ಬೋರಲಾಗಿಯೇ ಇದ್ದುದರಿಂದ ಎಲ್ಲವೂ ಮತ್ತೆ ತಲೆಕೆಳಗಾಯಿತು.

ಸ್ಟೂಲಿನ ಮೇಲಿನಿಂದ ಕಾಕಾ ಅರ್ಧ ಎದ್ದರು. ಕಸ್ತೂರಿ ಕುರ್ಚಿಯ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದಳು. "ಕಾಕಾ, ಕುಂದ್ರಿ ಸುಮ್ಮ. ಅಕ್ಕಾರ, ನಿಮ್ಮ ಕಾಲ ಬೀಳತೇನಿ, ಆ ಸಾಲ ಎಲ್ಲಿತ್ತೋ ಅಲ್ಲೇ ಇಡ್ರಿ. ಸರಿ ಮಾಡೂದ ಸಾಕ."

ಇಟ್ಟೆ. ಮುಕ್ತ ತಂತ್ರಾಂಶದ ಪ್ರಚಾರಕಿಯಾಗಿ ನಾನು ಮೂಡಲಗಿಯಲ್ಲಿ ಸಾಧಿಸಿದ್ದು ಇದು: ಒಂದು ದೋಷವನ್ನು ಪತ್ತೆ ಹಚ್ಚಿ, ಅಳಿಸಿ, ಗೌರವದಿಂದ ಮರಳಿ ಅದರ ಸ್ಥಾನದಲ್ಲಿ ಕೂರಿಸಿದ್ದು. ಮಹಾನವಮಿಯ ಖಂಡೆಪೂಜೆಯಲ್ಲಿ, ಎಂದರೆ ಆಯುಧಪೂಜೆಯಲ್ಲಿ, ಆ ಮಾನಿಟರಿಗೆ ವಿಭೂತಿ ಹಚ್ಚುವಾಗ ಹಣೆ ಯಾವ ಕಡೆ ಎಂಬ ಚರ್ಚೆಯಾಯಿತು; ಎರಡೂ ಕಡೆ ಹಚ್ಚಿದರು. ಚಪ್ಪಟೆ ಮಾನಿಟರು ಬಂದು ಹಳೆಯದು ಮೂಲೆ ಸೇರಿದ ಮೇಲೆ ಕಸ್ತೂರಿ ಸಿಂಬಿಯನ್ನು ನನಗೆ ಕೊಟ್ಟಳು. "ನಿಮಗ ಬೇಕಾಗತೈತ್ರಿ, ನೀವು ಊರೂರಿಗೆ ಹೋಗತೀರಿ" ಎಂದಳು. ತಿರುಗುವ ಕುರ್ಚಿಯಲ್ಲಿ ಆಗಲೂ ಅವಳೇ ಕೂತಿದ್ದಳು.

ಆದ್ದರಿಂದ, ಗ್ರಾಫಿಕ್ಸ್ ಕಾರ್ಡು ತಯಾರಿಸುವ ಮಹನೀಯರೇ, ನಿಮ್ಮಲ್ಲಿ ಯಾರ ಹೆಸರು ಆ ಕಾರ್ಡಿನ ಮೇಲೆ ಉದುರಿಹೋಗಿತ್ತೋ ತಿಳಿಯದ ಕಾರಣ ನಿಮ್ಮೆಲ್ಲರನ್ನೂ ಕೇಳುತ್ತಿದ್ದೇನೆ. ಚಿಪ್ಪಿನ ಪೂರ್ಣ ವಿವರಗಳನ್ನು ಬಹಿರಂಗವಾಗಿ ಪ್ರಕಟಿಸಿ, ಯಾವುದು ಮೇಲು ಯಾವುದು ಕೆಳಗು ಎಂಬುದನ್ನು ಊಹಿಸುವ ಕೆಲಸವನ್ನು ಪರರ ಮೇಲೆ ಹೊರಿಸಬೇಡಿ. ಪ್ರಕಟಿಸುವವರೆಗೆ ನೀವು ಮಾರುವ ಪ್ರತಿಯೊಂದು ಕಾರ್ಡಿನ ಪೆಟ್ಟಿಗೆಯಲ್ಲಿ ಒಂದೊಂದು ಸಿಂಬಿ ಇಟ್ಟು ಕಳಿಸಿ. ಹತ್ತಿಯದೇ ಆಗಬೇಕು, ಹಳೆಯ ಸೀರೆಯದಾದರೆ ಉತ್ತಮ. ನೈಲಾನಿನದು ಬೇಡ, ಜಾರುತ್ತದೆಂದು ಕಸ್ತೂರಿ ಹೇಳಿದ್ದಾಳೆ.